ಯಾವ ಕಾಲು?

ವಿರೂಪಾಕ್ಷಿಪುರದ ಹಾಲಿನ ಡೈರಿ ಮೆಟ್ಟಿಲಲ್ಲಿ ಜಾರಿ ಬಿದ್ದ ಗಿರಿಜಾಂಬ ಮತ್ತೆ ಏಳಲು ನೋಡಿದಾಗ ಬಲಗಾಲು ಮೇಲೇಳಲಿಲ್ಲ. ನೋವಿಗಿಂತ ಮೊದಲು ಆಕೆಗೆ ನಾಚಿಕೆಯಾಯಿತು. ಹಾಲು ಹಾಕಲು ಬಂದವರೆಲ್ಲ ಸುತ್ತ ನಿಂತಿದ್ದರು, ಸೀರೆ ಮೊಣಕಾಲಿನ ತನಕ ಸರಿದಿತ್ತು. ಚನ್ನಪಟ್ಟಣದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮಗ ರುದ್ರಪ್ರಸಾದ್ ಫೋನು ಬಂದ ಕೂಡಲೇ ಶಟರ್ ಎಳೆದು ಓಡಿ ಬಂದ. ಮಧ್ಯಾಹ್ನದ ಹೊತ್ತಿಗೆ ಆಕೆ ರಾಮನಗರದ ಒಂದು ಆಸ್ಪತ್ರೆಯ ಮಂಚದ ಮೇಲಿದ್ದಳು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ, ನಾಳೆಯೇ ಆಪರೇಷನ್ ಆಗಬೇಕು ಎಂದರು.

ಸಂಜೆ ಡಾಕ್ಟರ್ ಮಿಸ್ಬಾ ಬಂದಳು. ರಾಮನಗರದವಳೇ, ಇನ್ನೂ ಚಿಕ್ಕ ವಯಸ್ಸು. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು. ನಿಂತೇ ಮಾತಾಡಿ ಹೋಗುವ ಡಾಕ್ಟರುಗಳನ್ನಷ್ಟೇ ಕಂಡಿದ್ದ ಗಿರಿಜಾಂಬಳಿಗೆ ಅದೇ ಒಂದು ಸಮಾಧಾನವಾಯಿತು.

"ಅಮ್ಮ, ಆಪರೇಷನ್‌ಗೆ ಮುಂಚೆ ಒಂದಷ್ಟು ವಿಷಯ ಕೇಳ್ಬೇಕು. ಮೂಳೆ ಮುರಿದು ಮಲಗಿದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಭಯ ಇರುತ್ತೆ. ನಿಮಗೆ ಆ ಅಪಾಯ ಎಷ್ಟಿದೆ ಅಂತ ನೋಡ್ಕೊಂಡು ಔಷಧಿ ಕೊಡ್ತೀವಿ."

"ಹೆಪ್ಪು ಅಂದ್ರೆ? ಹಾಲಿಗೆ ಹಾಕ್ತೀವಲ್ಲ, ಅಂಗಾ?"

"ಹೂಂ, ಹಾಗೇ ಅಂದ್ಕೊಳ್ಳಿ. ಕಾಲಲ್ಲೇ ಇದ್ರೆ ಕಾಲು ಊದುತ್ತೆ. ಅಲ್ಲಿಂದ ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಉಸಿರು ಕಟ್ಟುತ್ತೆ. ಜೀವಕ್ಕೇ ಅಪಾಯ."

ಮಿಸ್ಬಾ ಒಂದೊಂದಾಗಿ ಕೇಳುತ್ತಾ ಹೋದಳು. ವಯಸ್ಸೆಷ್ಟು, ತೂಕ ಎಷ್ಟು, ಹಿಂದೆ ಯಾವುದಾದರೂ ಆಪರೇಷನ್ ಆಗಿತ್ತೇ, ಕಾಲಿನ ನರ ಉಬ್ಬಿಕೊಂಡಿದ್ದವೇ, ಗಡ್ಡೆಗಿಡ್ಡೆ ಕಾಯಿಲೆ ಬಂದಿತ್ತೇ, ಹೃದಯದ ತೊಂದರೆ ಇದೆಯೇ. ಗಿರಿಜಾಂಬ ಇಲ್ಲ ಇಲ್ಲ ಎನ್ನುತ್ತಿದ್ದಳು. ಕೈಯಿಂದ ಎರಡೂ ಮೀನಖಂಡಗಳನ್ನು ಮೆಲ್ಲನೆ ಒತ್ತಿ ನೋಡಿ, ಮಿಸ್ಬಾ ಕೊನೆಯ ಪ್ರಶ್ನೆ ಕೇಳಿದಳು.

"ನಿಮ್ಮ ತಂದೆ ತಾಯಿ, ಒಡಹುಟ್ಟಿದವರು ಯಾರಿಗಾದ್ರೂ ಹೀಗೆ ಹೆಪ್ಪುಗಟ್ಟಿತ್ತಾ? ಕಾಲು ಊದಿತ್ತಾ? ಯಾರಾದ್ರೂ ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದ್ರಾ?"

"ಅಂಥಾದ್ದೇನಿಲ್ಲ ಮೇಡಂ," ಎಂದ ರುದ್ರಪ್ರಸಾದ್.

ಮಿಸ್ಬಾ ಬರೆದುಕೊಂಡು ಎದ್ದಳು. ಬಾಗಿಲ ತನಕ ಹೋಗಿದ್ದಳು, ಆಗ ಗಿರಿಜಾಂಬ ಕರೆದಳು.

"ಡಾಕ್ಟ್ರಮ್ಮಾ, ಬಾಣಂತಿಗೆ ಗಾಳಿ ತಾಕಿ ಸತ್ತಿದ್ದು ಇದ್ರಲ್ಲಿ ಸೇರ್ತದಾ?"

ಮಿಸ್ಬಾ ವಾಪಸು ಬಂದು ಕೂತಳು. "ಯಾರಮ್ಮ?"

"ನಮ್ಮಕ್ಕ."

ನಲವತ್ತು ವರ್ಷಗಳ ಮೇಲಾಗಿತ್ತು, ಆ ಮಾತನ್ನು ಯಾರೂ ಆಕೆಯಿಂದ ಕೇಳಿರಲಿಲ್ಲ.

ಅಕ್ಕ ಶಿವಗಂಗ. ಮೂರು ವರ್ಷಕ್ಕೆ ದೊಡ್ಡವಳು. ಕೋಡಿಹಳ್ಳಿಯ ಪ್ರಭುಲಿಂಗನಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು ಸುಖವಾಗಿ ಹುಟ್ಟಿತು. ಆ ಕಾಲದ ಬಾಣಂತನ. ಬಾಗಿಲು ಕಿಟಕಿ ಮುಚ್ಚಿದ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚ ಬಿಟ್ಟು ಇಳಿಯುವ ಹಾಗಿಲ್ಲ, ನೀರು ಕೇಳಿದರೆ ಎರಡು ಗುಟುಕು. ಅಕ್ಕ ಬಾಯಾರಿಕೆ ಎಂದು ಗೋಗರೆಯುತ್ತಿದ್ದಳು. ಒಂದು ದಿನ ಕಾಲು ನೋಯುತ್ತದೆ ಎಂದಳು. ಮಾರನೆಯ ದಿನ ನೋಡಿದರೆ ಒಂದೇ ಕಾಲು ಬಾಳೆದಿಂಡಿನ ಹಾಗೆ ಊದಿಕೊಂಡು, ಮುಟ್ಟಿದರೆ ಸುಡುತ್ತಿತ್ತು. ಹರಳೆಲೆ ಬಿಸಿ ಮಾಡಿ ಕಟ್ಟಿದರು. ಮೂರು ದಿನ ಕಳೆದು, ಬೆಳಿಗ್ಗೆ ಅವ್ವ ಬಾಗಿಲು ತೆಗೆದು ಸ್ನಾನಕ್ಕೆಂದು ಎಬ್ಬಿಸಿದಳು. ಗಿರಿಜಾಂಬಳ ಭುಜ ಹಿಡಿದು ಎದ್ದ ಅಕ್ಕ ಹೊಸಿಲು ದಾಟುವಾಗ ನಿಂತಳು.

"'ಉಸುರು ಸಿಕ್ಕಾಕಿಲ್ಲ ಕಣೇ ಗಿರೀ' ಅಂದ್ಲು," ಎಂದಳು ಗಿರಿಜಾಂಬ. "ಅಷ್ಟೇ ಡಾಕ್ಟ್ರಮ್ಮಾ. ನನ್ ಮೇಲೇ ಒರಗ್ಕಂಡ್ಲು. ನಾನು ತಲೆ ಸುತ್ತು ಅಂದ್ಕಂಡೆ. ಎತ್ತಿ ಮಲಗ್ಸೋದ್ರಲ್ಲಿ ಹೋಗ್ಬುಟ್ಟಿದ್ಲು."

ಮಿಸ್ಬಾ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಈಗ ಪರೀಕ್ಷೆ ಮಾಡಿ ಹೇಳೋಕಾಗಲ್ಲಮ್ಮ. ಆದ್ರೆ ನೀವು ಹೇಳಿದ್ದು ಕೇಳಿದ್ರೆ ಗಾಳಿ ಅಲ್ಲ. ಕಾಲಲ್ಲಿ ಕಟ್ಟಿದ್ದ ಹೆಪ್ಪು ಉಸಿರಿಗೆ ಹೋಗಿರೋ ಹಾಗೇ ಇದೆ. ಹೆರಿಗೆ ಆದ ಮೇಲೆ ಅದರ ಭಯ ಜಾಸ್ತಿ ಇರುತ್ತೆ."

"ಹಂಗಾರೆ ಯಾರ ತಪ್ಪೂ ಅಲ್ವಾ? ನಮ್ಮವ್ವ ಬಾಗ್ಲು ತಗುದ್ಲು ಅಂತ ಅಲ್ವಾ?"

"ಬಾಗಿಲು ತೆಗೆದಿದ್ದಕ್ಕೆ ಯಾರೂ ಸಾಯಲ್ಲಮ್ಮ."

ಗಿರಿಜಾಂಬ ಮುಖವನ್ನು ಗೋಡೆ ಕಡೆ ತಿರುಗಿಸಿದಳು. ತನ್ನ ಅವ್ವ ಆ ಬಾಗಿಲನ್ನು ನೆನೆದುಕೊಂಡೇ ಸತ್ತಿದ್ದಳು.

ಮಿಸ್ಬಾ ಇನ್ನೂ ಕೆಲವು ವಿಷಯ ಕೇಳಿ ಬರೆದುಕೊಂಡಳು. ಇದು ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದೆ, ಹಾಗಾಗಿ ನಿಮಗೆ ಆಪರೇಷನ್ ಆದಮೇಲೆ ಹೆಪ್ಪುಗಟ್ಟದ ಹಾಗೆ ಸೂಜಿ ಕೊಡುತ್ತೇವೆ, ಮನೆಗೆ ಹೋದ ಮೇಲೂ ಔಷಧಿ ನಿಲ್ಲಿಸಬಾರದು, ಆದಷ್ಟು ಬೇಗ ಎಬ್ಬಿಸಿ ನಡೆಸುತ್ತೇವೆ ಎಂದಳು. ಆಮೇಲೆ, "ಆ ಮಗು ಏನಾಯ್ತು? ಇದ್ದಾರಾ? ಅವರಿಗೂ ಇದು ಗೊತ್ತಿರ್ಬೇಕು. ಹೆರಿಗೆ, ಆಪರೇಷನ್ ಅಂತ ಬಂದಾಗ ಡಾಕ್ಟರಿಗೆ ಹೇಳ್ಬೇಕು," ಎಂದಳು.

"ಅವ್ಳು ಎಲ್ಲವ್ಳೋ," ಎಂದಳು ಗಿರಿಜಾಂಬ.

ಡಾಕ್ಟರ್ ಹೋದಮೇಲೆ ರುದ್ರಪ್ರಸಾದ್ ಮಂಚದ ಹತ್ತಿರ ಬಂದ. ದೊಡ್ಡವ್ವ ಒಬ್ಬಳಿದ್ದಳು, ಬಾಣಂತನದಲ್ಲಿ ಹೋದಳು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಮಗುವಿನ ಸುದ್ದಿ ಯಾರೂ ಹೇಳಿರಲಿಲ್ಲ.

"ಮಗು ಉಳ್ಕಂಡಿತ್ತಾ ಅವ್ವ?"

"ಉಳ್ಕಂಡಿತ್ತಾ ಅಂದ್ರೆ? ಸಾಕಿದ್ದೇ ನಾನು ಕಣ್ಲಾ."

ಅಕ್ಕ ಹೋದಾಗ ಗಿರಿಜಾಂಬಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ ಒಳಲೆಯಲ್ಲಿ ಹನಿ ಹನಿ ಕುಡಿಸಿದಳು. ರಾತ್ರಿ ಮಗು ಎದ್ದರೆ ತಾನೂ ಎದ್ದಳು. ಪುಟ್ಟಿ ಎಂದು ಕರೆಯುತ್ತಿದ್ದಳು. ಪುಟ್ಟಿ ಆಕೆಯ ಸೆರಗು ಹಿಡಿಯದೆ ನಿದ್ದೆ ಮಾಡುತ್ತಿರಲಿಲ್ಲ. ಮಗು ಬೋರಲು ಬೀಳುವ ಹೊತ್ತಿಗೆ ಕೋಡಿಹಳ್ಳಿಯವರು ಬಂದರು. ಗಿರಿಜಾಂಬಳನ್ನೇ ಪ್ರಭುಲಿಂಗನಿಗೆ ತಂದುಕೊಂಡರೆ ಮಗುವಿಗೆ ತಾಯಿ ಸಿಕ್ಕ ಹಾಗಾಗುತ್ತದೆ ಎಂದು ಹಿರಿಯರು ಹೇಳಿದರು. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ಗಿರಿಜಾಂಬ ಹಾಗೇ ಆಗಲೆಂದು ಶಿವನನ್ನು ನೆನೆದಳು. ಭಾವನ ಮೇಲೆ ಆಕೆಗೆ ಯಾವ ಮನಸ್ಸೂ ಇರಲಿಲ್ಲ, ಮಗುವಿನ ಜೊತೆ ಎಲ್ಲಿಗೆ ಬೇಕಾದರೂ ಹೋಗಲು ತಯಾರಿದ್ದಳು. ಆದರೆ ಅಕ್ಕನ ಅತ್ತೆ ಸಾವಿನ ದಿನವೇ "ಗಾಳಿಗೆ ಬುಟ್ಟು ಕೊಂದ್ಬುಟ್ರಿ" ಎಂದು ಊರವರ ಮುಂದೆ ಕೂಗಿದ್ದು ಅಪ್ಪನ ಎದೆಯಲ್ಲಿ ಕೂತಿತ್ತು. "ಕೊಲೆಗಾರ್ರು ಅಂದೋರ ಮನೆಗೆ ಇನ್ನೊಂದು ಮಗಳ ಕೊಡಾಕಿಲ್ಲ," ಎಂದುಬಿಟ್ಟ. ಅವರು ಮಗುವನ್ನು ಎತ್ತಿಕೊಂಡು ಹೊರಟರು. ಗಿರಿಜಾಂಬಳನ್ನು ಯಾರೂ ಕೇಳಲಿಲ್ಲ.

ಪ್ರಭುಲಿಂಗ ಬೇರೆ ಮದುವೆಯಾದ. ಮಗುವಿಗೆ ಲತಾಮಣಿ ಎಂದು ಹೆಸರಿಟ್ಟರೆಂದು ಯಾರೋ ಹೇಳಿದರು. ಒಂದು ಸಲ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಗಿರಿಜಾಂಬ ಅವರಿಬ್ಬರನ್ನೂ ಕಂಡಳು. ಸ್ಕೂಲಿನ ನೀಲಿ ಲಂಗ, ಎರಡು ಜಡೆ. ಪ್ರಭುಲಿಂಗ ಈಕೆಯನ್ನು ನೋಡಿ ಮುಖ ತಿರುಗಿಸಿ, ಹುಡುಗಿಯ ಕೈ ಹಿಡಿದು ಬಸ್ಸು ಹತ್ತಿಬಿಟ್ಟ. ಹುಡುಗಿ ಕಿಟಕಿಯಿಂದ ಹೊರಗೆ ನೋಡುತ್ತಿತ್ತು, ಈಕೆಯನ್ನಲ್ಲ, ಕಡಲೆಕಾಯಿ ಮಾರುವವನನ್ನು. ಬಸ್ಸು ಹೊರಟ ಮೇಲೂ ಗಿರಿಜಾಂಬ ಅಲ್ಲೇ ನಿಂತಿದ್ದಳು.

"ಅಲ್ಲಿಂದೀಚೆಗೆ ನೋಡಿಲ್ಲ," ಎಂದಳು ಮಗನಿಗೆ. "ನಿನ್ ಹೆತ್ತಾಗ್ಲೂ ಅಷ್ಟೇ ಕಣಪ್ಪ, ಮೊದಲ್ನೇ ಮಗ ಅಂತ ಎಲ್ರೂ ಅಂದ್ರು. ನಂಗೆ ಎರಡ್ನೇದು ಅನ್ನುಸ್ತಿತ್ತು."

ರುದ್ರಪ್ರಸಾದ್ ಅವ್ವನ ಹೊದಿಕೆ ಸರಿಮಾಡಿದ. "ಹುಡುಕ್ತೀನಿ ಬುಡವ್ವ," ಎಂದ.

ಆಪರೇಷನ್ ಚೆನ್ನಾಗಿ ಆಯಿತು. ನರ್ಸು ದಿನಾ ಹೊಟ್ಟೆಯ ಚರ್ಮಕ್ಕೆ ಸಣ್ಣ ಸೂಜಿ ಚುಚ್ಚುತ್ತಿದ್ದಳು. ಎರಡನೆಯ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಗಿರಿಜಾಂಬ ಹಲ್ಲು ಕಚ್ಚಿ ನಿಂತಳು. ಅಕ್ಕನನ್ನೂ ಹೀಗೆ ಎಬ್ಬಿಸಿ ನಡೆಸಿದ್ದರೆ, ಕೇಳಿದಷ್ಟು ನೀರು ಕೊಟ್ಟಿದ್ದರೆ ಎಂಬ ಯೋಚನೆ ಬಂದು ಕಣ್ಣು ತುಂಬಿತು. ನೋವಿಗೆ ಅಳುತ್ತಿದ್ದಾಳೆಂದುಕೊಂಡು ನರ್ಸು, "ಸ್ವಲ್ಪ ತಡ್ಕೊಳ್ಳಿ ಅಜ್ಜಿ," ಎಂದಳು.

ಆ ಭಾನುವಾರ ರುದ್ರಪ್ರಸಾದ್ ಬೈಕಿನಲ್ಲಿ ಕೋಡಿಹಳ್ಳಿಗೆ ಹೋಗಿಬಂದ. ಪ್ರಭುಲಿಂಗ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವನ ಎರಡನೆಯ ಹೆಂಡತಿಯ ಮಗ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ಲತಾಮಣಿಯ ನಂಬರು ಕೊಟ್ಟ. ಅವಳನ್ನು ಮಾಗಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಒಬ್ಬಳೇ ಮಗಳು ಕವನ, ಈಗ ತುಂಬು ಬಸುರಿ.

ತುಂಬು ಬಸುರಿ ಎಂದು ಕೇಳಿದ್ದೇ ಗಿರಿಜಾಂಬ, "ಈಗ್ಲೇ ಫೋನ್ ಮಾಡು," ಎಂದಳು.

ರುದ್ರಪ್ರಸಾದ್ ಸ್ಪೀಕರ್ ಹಾಕಿ ಮಾತಾಡಿದ. ತಾನು ಯಾರು, ಅವ್ವ ಯಾರು, ಡಾಕ್ಟರು ಏನು ಹೇಳಿದರು ಎಲ್ಲವನ್ನೂ ತಡವರಿಸುತ್ತ ಹೇಳಿದ. ಆ ಕಡೆಯಿಂದ ಕೇಳುತ್ತಿದ್ದ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಇಷ್ಟು ವರ್ಷ ಎಲ್ಲಿದ್ರಿ?" ಎಂದಿತು ಒಂದು ಗಟ್ಟಿ ದನಿ. "ನಾನು ಸತ್ನೋ ಬದುಕಿದ್ನೋ ಅಂತ ಒಂದಿನ ಬಂದು ನೋಡ್ಲಿಲ್ಲ. ನಂಗೆ ಸಾಕಿದ ಅವ್ವ ಒಬ್ಳವ್ಳೆ. ಅದೇ ನನ್ ತವರು. ನಮ್ ಮಗಳು ಬಸ್ರಿ ಆಗಿರೋವಾಗ ಸಾವಿನ ಸುದ್ದಿ ಎಲ್ಲಾ ಹೇಳ್ಬ್ಯಾಡಿ."

ಫೋನು ಕಟ್ಟಾಯಿತು. ರುದ್ರಪ್ರಸಾದ್ ಕೋಪದಲ್ಲಿ ಏನೋ ಹೇಳಲು ಹೊರಟ. ಗಿರಿಜಾಂಬ ಅವನ ಕೈ ಹಿಡಿದಳು.

"ಸರಿಯಾಗೇ ಕೇಳವ್ಳೆ ಕಣಪ್ಪ," ಎಂದಳು.

ಆದರೂ ಆ ದನಿಯನ್ನೇ ಮತ್ತೆ ಮತ್ತೆ ನೆನೆಸಿಕೊಂಡಳು. ಒಳಲೆ ಬಾಯಿಗಿಟ್ಟರೆ ಮುಖ ತಿರುಗಿಸಿ ಅಳುತ್ತಿದ್ದ ಪುಟ್ಟಿಗೆ ಈಗ ಇಂಥ ಗಟ್ಟಿ ದನಿ ಬಂದಿದೆ. ಬೈದದ್ದಾದರೂ ಸರಿ, ಮಾತು ಕೇಳಿದ ಹಾಗಾಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೂರು ನಾಲ್ಕು ದಿನಕ್ಕೆ ಫೋನು ಬಂತು. ಸೊಸೆ ಮಧು ಎತ್ತಿ, "ಅತ್ತೆ, ಮಾಗಡಿಯಿಂದ," ಎಂದು ಕೈಗೆ ಕೊಟ್ಟಳು.

ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಎಂಬುದಿಲ್ಲ. "ಯಾವ ಕಾಲು?" ಎಂದಳು ಲತಾಮಣಿ.

"ಆಂ?"

"ನಮ್ಮವ್ವಂಗೆ ಊದಿದ್ದು ಯಾವ ಕಾಲು?"

"ಎಡಗಾಲು ಕಣವ್ವ. ತೊಡೆ ಗಂಟ ಊದ್ಕಂಡಿತ್ತು."

ಕಟ್ಟಾಯಿತೇನೋ ಎಂದು ಗಿರಿಜಾಂಬ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಮತ್ತೆ ದನಿ ಬಂದಾಗ ಅದರಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

"ನಂದೂ ಎಡಗಾಲೇ. ಕವನ ಹುಟ್ಟಿದ ಮೇಲೆ ಊದಿತ್ತು. ಬೆಂಗ್ಳೂರಿಗೆ ಕರ್ಕಂಡೋದ್ರು. ರಕ್ತ ಹೆಪ್ಪುಗಟ್ಟೈತೆ ಅಂದ್ರು, ಆರು ತಿಂಗ್ಳು ಮಾತ್ರೆ ನುಂಗ್ದೆ. ಅಲ್ಲಿ ಡಾಕ್ಟ್ರು ಕೇಳಿದ್ರು, ನಿಮ್ ತಾಯಿಗೆ ಇಂಗೆ ಆಗಿತ್ತಾ ಅಂತ. ನಾನೇನು ಹೇಳ್ಲಿ? ಗೊತ್ತಿಲ್ಲ ಅಂದೆ. ನಮ್ಮಜ್ಜಿ ಯಾವಾಗ್ಲೂ ಹೇಳ್ತಿದ್ದಿದ್ದು ಒಂದೇ, 'ನೀನು ಹುಟ್ಟಿ ಹೆತ್ತೋಳ ತಿಂದ್ಕಂಡೆ' ಅಂತ."

"ಅಯ್ಯೋ ಕೂಸೇ."

"ನಿಜ್ವಾ ಅದು?"

"ಸುಳ್ಳು ಕಣವ್ವ. ನೀನು ಹುಟ್ಟಿದ ದಿನ ನಿಮ್ಮವ್ವ ನಗ್ತಿದ್ಲು. ನೀರು ಕೇಳಾದು, ನಿನ್ ಮಕ ನೋಡಾದು, ನಗಾದು. ಅದು ಕಾಯ್ಲೆ. ರಕ್ತದಲ್ಲಿತ್ತು. ಯಾರ ತಪ್ಪೂ ಅಲ್ಲ ಅಂತ ಡಾಕ್ಟ್ರಮ್ಮನೇ ಅಂದ್ರು. ನೀನು ಮಗಳ ಡಾಕ್ಟ್ರಿಗೆ ಎಲ್ಲಾ ಹೇಳು. ನಿಂದೂ ಹೇಳು, ನಿಮ್ಮವ್ವಂದೂ ಹೇಳು. ನನ್ ಮೇಲೆ ಸಿಟ್ಟಿದ್ರೆ ಇರ್ಲಿ. ಇದೊಂದು ಹೇಳ್ಬುಡು."

"ಹೇಳ್ತೀನಿ," ಎಂದಳು ಲತಾಮಣಿ.

ಹೇಳಿದಳು ಕೂಡ. ಅಮ್ಮನಿಗೂ ಅಜ್ಜಿಗೂ ಹೀಗಾಗಿತ್ತೆಂದು ಕೇಳಿದ ಕೂಡಲೇ ಮಾಗಡಿಯ ಡಾಕ್ಟರು ಕವನಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತ ಪರೀಕ್ಷೆ ಮಾಡಿ, ಹೆರಿಗೆಯವರೆಗೂ, ಹೆರಿಗೆಯಾಗಿ ಆರು ವಾರದವರೆಗೂ ಸೂಜಿ ಹಾಕಬೇಕೆಂದರು. ಇದನ್ನೆಲ್ಲ ಲತಾಮಣಿ ರುದ್ರಪ್ರಸಾದ್‌ಗೆ ಮೆಸೇಜಿನಲ್ಲಿ ತಿಳಿಸುತ್ತಿದ್ದಳು. ಗಿರಿಜಾಂಬ ಅವನಿಂದ ಓದಿಸಿಕೊಳ್ಳುತ್ತಿದ್ದಳು. ಒಂದೇ ಮೆಸೇಜನ್ನು ಎರಡು ಸಲ ಓದಿಸುತ್ತಿದ್ದಳು.

ಕವನಳಿಗೆ ಗಂಡು ಮಗು ಹುಟ್ಟಿತು. ಮಗು ಹುಟ್ಟಿದ ವಾರದ ಮೇಲೆ ಲತಾಮಣಿ ತಾನೇ ಫೋನು ಮಾಡಿ, "ನಡೆಯಾಕೆ ಆಗೋದಾದ್ರೆ ಬನ್ನಿ," ಎಂದಳು. ರುದ್ರಪ್ರಸಾದ್ ಕಾರು ಮಾಡಿಕೊಂಡು ಬಂದ. ರಾಮನಗರ ದಾಟಿ ಮಾಗಡಿ ರಸ್ತೆ ಹಿಡಿದ ಮೇಲೆ ಗಿರಿಜಾಂಬ ಹೊಸ ಸೀರೆಯ ಅಂಚನ್ನು ಬೆರಳಲ್ಲಿ ಮಡಿಸುತ್ತ ಬಿಚ್ಚುತ್ತ ಕೂತಿದ್ದಳು. ಅಕ್ಕ ಹೇಗಿದ್ದಳೆಂಬುದು ಆಕೆಗೆ ಈಗ ಸರಿಯಾಗಿ ನೆನಪಿರಲಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ. ಭುಜದ ಮೇಲೆ ಬಿದ್ದ ಅಕ್ಕನ ಭಾರ ನೆನಪಿತ್ತು, ಮುಖ ಮಾತ್ರ ಮಸುಕಾಗಿತ್ತು. ಮಗಳಲ್ಲೋ ಮೊಮ್ಮಗಳಲ್ಲೋ ಆ ಮುಖವನ್ನು ನೋಡಬಹುದೆಂಬ ಆಸೆ ಎದೆಯಲ್ಲಿ ಹೊಡೆದುಕೊಳ್ಳುತ್ತಿತ್ತು.

ಲತಾಮಣಿ ಬಾಗಿಲಲ್ಲಿ ನಿಂತಿದ್ದಳು. ದಪ್ಪ ಮೈ, ಕನ್ನಡಕ, ಕುತ್ತಿಗೆಗೆ ಅಳತೆ ಟೇಪು. ತಂದೆ ಪ್ರಭುಲಿಂಗನದೇ ಹಣೆ, ಅವನದೇ ಮೂಗು. ಅಕ್ಕ ಎಲ್ಲೂ ಇರಲಿಲ್ಲ. ಗಿರಿಜಾಂಬ ವಾಕರ್ ಹಿಡಿದು ನಿಂತೇ ಇದ್ದಳು. ಲತಾಮಣಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಬಗ್ಗಿ ಕಾಲು ಮುಟ್ಟಿದಳು. "ಒಳಗ್ ಬನ್ನಿ," ಎಂದಳು.

ಕೋಣೆಯ ಕಿಟಕಿ ತೆರೆದಿತ್ತು. ಮಂಚದ ಪಕ್ಕ ನೀರು ತುಂಬಿದ ದೊಡ್ಡ ಬಾಟಲಿ. ಕವನ ಮಂಚದಲ್ಲಿರಲಿಲ್ಲ, ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ಸೂಜಿ ಚುಚ್ಚಿದ್ದಕ್ಕೆ ಹೊಟ್ಟೆಯೆಲ್ಲ ನೀಲಿಗಟ್ಟಿದೆ ಎಂದು ನಗುತ್ತ ದೂರಿದಳು. ಗಿರಿಜಾಂಬ ಅವಳ ಮುಖವನ್ನೂ ಹುಡುಕಿದಳು. ಅಗಲ ಕಣ್ಣಿನ, ಚೂಪು ಗಲ್ಲದ ಚೆಲುವೆ. ಅವಳ ಅಪ್ಪನ ಕಡೆಯ ಮುಖವಿರಬೇಕು. ಮಗುವನ್ನು ಮಡಿಲಿಗೆ ಕೊಟ್ಟರು. ಅದು ಕಣ್ಣು ಮುಚ್ಚಿ ಮಲಗಿತ್ತು, ಯಾರ ಹಾಗೂ ಇರಲಿಲ್ಲ.

"ನಮ್ಮವ್ವ ಹೆಂಗಿದ್ರು?" ಎಂದಳು ಲತಾಮಣಿ. ಆ ಪ್ರಶ್ನೆ ಕೇಳಲೆಂದೇ ಕರೆದಿದ್ದಳೆಂದು ಅವಳ ಮುಖದಲ್ಲೇ ತಿಳಿಯುತ್ತಿತ್ತು.

ಗಿರಿಜಾಂಬ ಸುಳ್ಳು ಹೇಳಬಹುದಿತ್ತು. ನಿನ್ನ ಹಾಗೇ ಇದ್ದಳು ಎಂದರೆ ಸಾಕಿತ್ತು. ಹೇಳಲಾಗಲಿಲ್ಲ.

"ಮಕ ಮರ್ತೋಗೈತೆ ಕಣವ್ವ. ಎಷ್ಟು ನೆನುಸ್ಕಂಡ್ರೂ ಬರಾಕಿಲ್ಲ. ನಿಮ್ಗೊಳ್ನ ನೋಡಿದ್ರೆ ನೆಪ್ಪಾಯ್ತದೆ ಅಂದ್ಕಂಡು ಬಂದೆ. ಅದೂ ಇಲ್ಲ."

ಲತಾಮಣಿ ಅಳಲಿಲ್ಲ. ಗೋಡೆಗೊರಗಿ ನೆಲದ ಮೇಲೆ ಕೂತಳು. "ಮಕ ಬ್ಯಾಡ," ಎಂದಳು. "ಬ್ಯಾರೆ ಏನಾರ ಹೇಳಿ. ಏನಾದ್ರೂ ಸರಿ."

ಗಿರಿಜಾಂಬ ಹೇಳತೊಡಗಿದಳು. ಅಕ್ಕನಿಗೆ ಈಜು ಬರುತ್ತಿತ್ತು, ಗಂಡಸರಿಲ್ಲದ ಹೊತ್ತು ನೋಡಿ ಬಾವಿಗೆ ಬೀಳುತ್ತಿದ್ದಳು. ಸಾರಿಗೆ ಹುಣಸೆ ಜಾಸ್ತಿ ಹಾಕಿ ಬೈಸಿಕೊಳ್ಳುತ್ತಿದ್ದಳು. ಕತ್ತಲೆಂದರೆ ಭಯ. ಲೆಕ್ಕದಲ್ಲಿ ಚುರುಕು. ಅತ್ತೆಮನೆಗೆ ಹೊರಟ ದಿನ ಎಲ್ಲರೂ ಅತ್ತರೆ ಅವಳು ಮಾತ್ರ ಗಾಡಿಯಲ್ಲಿ ಕೂತು ಕಬ್ಬು ತಿನ್ನುತ್ತಿದ್ದಳು. ಒಂದು ಹೇಳಿದರೆ ಇನ್ನೊಂದು ನೆನಪಾಗುತ್ತಿತ್ತು. ಕವನ ಓಡಾಡುವುದನ್ನು ನಿಲ್ಲಿಸಿ ಮಂಚದ ತುದಿಯಲ್ಲಿ ಕೂತು ಕೇಳಿದಳು. ಕಬ್ಬಿನ ಮಾತಿಗೆ ಲತಾಮಣಿಗೆ ನಗು ಬಂತು, ನಗುತ್ತಲೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು.

ಬಿಸಿಲು ಇಳಿಯುತ್ತಿತ್ತು. ರುದ್ರಪ್ರಸಾದ್ ಹೊರಗಿನಿಂದ, "ಹೊರಡಣ್ವಾ ಅವ್ವ?" ಎಂದ.

ಗಿರಿಜಾಂಬ ವಾಕರಿಗೆ ಕೈ ಚಾಚಿದಳು. ಲತಾಮಣಿ ಅದನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿದಳು.

"ಇವತ್ತು ಇರ್ಲಿ ಬುಡಿ," ಎಂದಳು ಅವನಿಗೆ. "ಇನ್ನೂ ಹೇಳಾದೈತೆ ಅವ್ರು. ಕವನನ ಸೂಜಿ ಮುಗಿಯೋ ಗಂಟ ಇದ್ರೂ ನಂಗೇನೂ ಬ್ಯಾಜಾರಿಲ್ಲ."

ರುದ್ರಪ್ರಸಾದ್ ಅವ್ವನ ಮುಖ ನೋಡಿದ. ಗಿರಿಜಾಂಬ ಮಗುವನ್ನು ಇನ್ನೊಂದು ತೊಡೆಗೆ ಬದಲಿಸಿಕೊಂಡು, "ನನ್ ಮಾತ್ರೆ ಚೀಲ ಕಾರಲ್ಲೈತೆ, ತಂದ್ಕೊಟ್ಟು ಹೋಗಪ್ಪ," ಎಂದಳು.